ಸೋಸಿದ ರಸವೇ ಶ್ರೇಷ್ಠವೆ?

ಕೋಠಿಯ ಆಸ್ಪತ್ರೆಗಳಲ್ಲಿರುವ ಬಂಧುಗಳನ್ನು ನೋಡಹೋಗುವ ಕನ್ನಡಿಗರು ಬತ್ತಾಯಿಯ ರಸವನ್ನು ಒಯ್ಯುವುದುಂಟು. (ಊರಿನ ಮೋಸಂಬಿಯೇ ಇಲ್ಲಿ ಬತ್ತಾಯಿ.) ಸೋಸಿ ಸಕ್ಕರೆ ಬೆರೆಸಿದ ಈ ರಸದಿಂದ ಹಣ್ಣಿನ ಸತ್ವವೆಲ್ಲ ಒಡನೆಯೇ ರಕ್ತಗತವಾಗುವುದೆಂಬ ನಂಬಿಕೆ ಅರ್ಧಸತ್ಯ. ಒಡನೆ ಸೇರುವುದು ಸಕ್ಕರೆ!

ಹಣ್ಣಿನ ಹೆಸ್ಪೆರಿಡಿನ್ ಎಂಬ ಫ್ಲೇವನಾಯ್ಡ್ ಸಿಪ್ಪೆಯೊಳಗಿನ ಬಿಳಿಯ ಪದರದಲ್ಲಿಯೂ ತೊಳೆಗಳ ಪೊರೆಯಲ್ಲಿಯೂ ಹೇರಳ. 1828ರಲ್ಲಿ ಲೆಬ್ರೆಟನ್ ಅದನ್ನು ಬೇರ್ಪಡಿಸಿದ್ದೂ ಆ ಬಿಳಿಯ ಪದರದಿಂದಲೇ. ರ್‍ಯಾಮ್ನೋಸ್ ಮತ್ತು ಗ್ಲೂಕೋಸ್ ಎಂಬ ಎರಡು ಸಕ್ಕರೆಗಳೊಡನೆ ಹೆಣೆದುಕೊಂಡಿರುವ ಅದನ್ನು ಒಡೆಯುವುದು ಸಣ್ಣ ಕರುಳಿಗೆ ಸಾಧ್ಯವಾಗದು. ದೊಡ್ಡ ಕರುಳಿನ ಬ್ಯಾಕ್ಟೀರಿಯಗಳು ಆ ಸಕ್ಕರೆಗಳನ್ನು ಕಳಚಿದ ಬಳಿಕ ಉಳಿಯುವ ಹೆಸ್ಪೆರಿಟಿನನ್ನು ಕರುಳು ಹೀರಿಕೊಳ್ಳುತ್ತದೆ. ಕರುಳಿನ ಗೋಡೆಯಲ್ಲಿಯೂ ಯಕೃತ್ತಿನಲ್ಲಿಯೂ ಗ್ಲೂಕುರೋನಿಕ್ ಆಮ್ಲ, ಸಲ್ಫೇಟುಗಳೊಡನೆ ಕೂಡಿ ಅದು ರಕ್ತದಲ್ಲಿ ಸಂಚರಿಸುತ್ತದೆ. ಸೇವಿಸಿದ ಸುಮಾರು 5ರಿಂದ 7 ಗಂಟೆಗಳ ತರುವಾಯ ಅದರ ಪ್ರಮಾಣ ಪರಮಾವಧಿಗೇರುತ್ತದೆ. ಬ್ಯಾಕ್ಟೀರಿಯಗಳು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಆದುದರಿಂದ ದಕ್ಕುವ ಪಾಲೂ ಬೇರೆ ಬೇರೆ. ಆಂಟಿಬಯೋಟಿಕ್ ಸೇವಿಸುತ್ತಿರುವ ರೋಗಿಯಲ್ಲಿ ಅವು ಕುಗ್ಗಿರಲೂಬಹುದು.

ಆದಕಾರಣ ಅಗಿದು ನುಂಗಬಲ್ಲ ರೋಗಿಗೆ, ವೈದ್ಯರ ಅಡ್ಡಿಯಿಲ್ಲದಿದ್ದಲ್ಲಿ, ಹಣ್ಣನ್ನೇ ಒಯ್ಯುವುದು ಮೇಲು. ತೊಳೆಗಂಟಿದ ಬಿಳಿಯ ನಾರನ್ನು ಅಕ್ಕರೆಯಿಂದ ಬಿಡಿಸಿ ಎಸೆಯುವ ನಮ್ಮ ಹಿರಿಯರ ಪದ್ಧತಿಯನ್ನು ಮಾತ್ರ ಅಲ್ಲಿ ಅನುಸರಿಸಬೇಕಾಗಿಲ್ಲ.