ಪ್ರಯಾಣದ ಲೆಕ್ಕ ಮನೆ ಬಾಗಿಲಿನಿಂದ ಶುರುವಾಗಲಿ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆ ಆಜ್ಞೆ, ವಿಷಯಕ್ಕೆ ಬರುವ ಮೊದಲು ಅವರ ಆರೋಗ್ಯ ವಿಚಾರಿಸುತ್ತದೆ. ಇಂದು ಪರದೇಶದಲ್ಲಿರುವ ಮಕ್ಕಳು ತಂದೆತಾಯಿಯನ್ನು ಕರೆಸಿಕೊಳ್ಳುವಾಗ ಮೊದಲು ವಿಚಾರಿಸುವುದು ಟಿಕೆಟ್ಟಿನ ದರವನ್ನು!

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಿಗೆ, 'ವಿಮಾನದಲ್ಲಿ ಕೂತರೆ ಆಯಿತಮ್ಮ' ಎಂದು ಧೈರ್ಯ ಹೇಳುತ್ತಾರೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾ ನೇರ ವಿಮಾನ ಆರಂಭಿಸಿದಾಗಲೂ ಈ ದಾರಿಗೆ 16-17 ಗಂಟೆ ಬೇಕಾಗುತ್ತಿತ್ತು. ನಡುವೆ ವಿಮಾನ ಬದಲಿಸಿದರೆ 22 ಗಂಟೆ ಮೀರುವುದು ಸಾಮಾನ್ಯ. ಆದರೆ ಇದು ನಿಲ್ದಾಣದಿಂದ ನಿಲ್ದಾಣಕ್ಕೆ ಹಾಕಿದ ಲೆಕ್ಕ. ಬ್ರಹ್ಮಗಿರಿ ಕಡೆಯ ಹಳ್ಳಿಯಿಂದ ಚಳ್ಳಕೆರೆ, ಹಿರಿಯೂರು ದಾಟಿ ದೇವನಹಳ್ಳಿ ಮುಟ್ಟಲು ಐದಾರು ಗಂಟೆ, ಅಲ್ಲಿ ಕಾಯಲು 3 ಗಂಟೆ ಸೇರಿಸಿ. ದೇಹದ ಪಾಲಿಗೆ ಇದು 30 ಗಂಟೆಯ ಪ್ರಯಾಣ.

ಇಷ್ಟು ಹೊತ್ತು ಕಾಲು ಇಳಿಬಿಟ್ಟು ಅಲುಗಾಡದೆ ಕೂತರೆ ಮೀನಖಂಡದ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. 4 ಗಂಟೆ ಮೀರಿ ಹೀಗೆ ಕೂತವರಲ್ಲಿ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಭಯ ಬೇಡ, ಹೀಗಾಗುವುದು ಸುಮಾರು 6,000 ಮಂದಿಯಲ್ಲಿ ಒಬ್ಬರಿಗೆ. ಆದರೆ ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರಿಗೆ, ಬೊಜ್ಜಿನವರಿಗೆ, ಹಿಂದೆ ಹೀಗೆ ಹೆಪ್ಪುಗಟ್ಟಿದ್ದವರಿಗೆ ಅಪಾಯ ಹೆಚ್ಚು. ಬಸ್ಸು, ಕಾರಿನಲ್ಲಿ ಕೂತ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಮರೆಯಬೇಡಿ.

ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ತೊಡಕು. ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಹಿಂದೆ. ಊರಿನ ಗಡಿಯಾರ ನೋಡಿ ಚುಚ್ಚುಮದ್ದು ತೆಗೆದುಕೊಂಡರೆ ಊಟಕ್ಕೂ ಔಷಧಿಗೂ ತಾಳ ತಪ್ಪುತ್ತದೆ. ಯಾವ ಹೊತ್ತಿಗೆ ಎಷ್ಟು ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ. ಇನ್ಸುಲಿನ್ ಮತ್ತು ಮಾತ್ರೆಗಳು ಕೈಚೀಲದಲ್ಲೇ ಇರಲಿ. ಸರಕಿನೊಂದಿಗೆ ಹೋದರೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು.

ಆದ್ದರಿಂದ ಮಕ್ಕಳಲ್ಲಿ ನನ್ನ ವಿನಂತಿ: ಟಿಕೆಟ್ಟಿಗೆ ಮೊದಲು ವೈದ್ಯರ ಭೇಟಿ. ಹಿಂದಿನ ದಿನವೇ ಹಿರಿಯರನ್ನು ಬೆಂಗಳೂರಿಗೆ ಕರೆತಂದು ಒಂದು ರಾತ್ರಿ ಮಲಗಿಸಿ. ಓಡಾಡಲು ಅನುಕೂಲವಾಗುವಂತೆ ನಡುದಾರಿಯ ಪಕ್ಕದ ಆಸನ ಕೊಡಿಸಿ. ಗಾಲಿಕುರ್ಚಿ ಕೇಳುವುದು ಅವಮಾನವಲ್ಲ.

ಹಿರಿಯರೇ, ಗಂಟೆಗೊಮ್ಮೆ ಕಣಕಾಲು ತಿರುಗಿಸಿ, ಅವಕಾಶ ಸಿಕ್ಕಾಗ ನಾಲ್ಕು ಹೆಜ್ಜೆ ನಡೆಯಿರಿ. ಶೌಚಕ್ಕೆ ಏಳಬೇಕಾಗುತ್ತದೆಂದು ನೀರು ಬಿಡುವ ಅಭ್ಯಾಸ ನಮ್ಮ ಹೆಂಗಸರಲ್ಲಿದೆ. ವಿಮಾನದ ಒಣಹವೆಯಲ್ಲಿ ಅದು ಒಳ್ಳೆಯದಲ್ಲ. ಊರಿಗೆ ಮರಳಿದ ಕೆಲವು ವಾರಗಳವರೆಗೂ ಒಂದು ಕಾಲು ಮಾತ್ರ ಊದಿ ನೋವು ಬಂದರೆ, ಉಸಿರು ಕಟ್ಟಿದರೆ, ಎಣ್ಣೆ ತಿಕ್ಕುತ್ತ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ, ಪ್ರಯಾಣದ ವಿಷಯ ಹೇಳಿ.

ಅಲ್ಲಿಗೆ ಮುಟ್ಟಿದ ರಾತ್ರಿಯೇ ಅಜ್ಜಿಯ ಕೈಗೆ ಕೂಸನ್ನು ಕೊಟ್ಟು ಮಲಗುವವರಿದ್ದಾರೆ. ಹಗಲು ರಾತ್ರಿ ಅದಲುಬದಲಾದ ದೇಹ ಹೊಂದಿಕೊಳ್ಳಲು ವಾರವೇ ಬೇಕು. ಬಾಣಂತನ ಮಾಡಲು ಬಂದವಳಿಗೂ ಮೊದಲ ನಾಲ್ಕು ದಿನ ಆರೈಕೆ ಬೇಕು. 'ಯಾವಾಗ ಬರುತ್ತೀ' ಎನ್ನುವ ಮೊದಲು 'ಹೇಗಿದ್ದೀಯಮ್ಮ' ಎಂದು ಕೇಳಿ.