ಹೆಸರು ನಮ್ದು, ಮ್ಯಾಚು ನೋಯ್ಡಾದಲ್ಲಿ

ನವೆಂಬರ್‌ನಲ್ಲಿ ಊರಿಗೆ ಹೋಗಿದ್ದೆ. ದಾಬಸ್‌ಪೇಟೆ ದಾಟಿ ಕೊರಟಗೆರೆ ಹತ್ತಿರ ಬರೋ ಹೊತ್ತಿಗೆ ಬಸ್ಸಿನ ಕಿಟಕಿಯಲ್ಲಿ ಫ್ಲೆಕ್ಸ್‌ಗಳು ಶುರುವಾದವು. ಕನ್ನಡ ರಾಜ್ಯೋತ್ಸವದ ಪ್ರಯುಕ್ತ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ. ಮೊದಲ ಬಹುಮಾನ ನಗದು ಮತ್ತು ಟ್ರೋಫಿ, ಕೆಲವು ಕಡೆ ಟಗರು. ಆಟಗಾರರ ಫೋಟೊಗಿಂತ ಶುಭ ಕೋರುವವರ ಫೋಟೊಗಳೇ ದೊಡ್ಡವು. ಅದಿರಲಿ, ಅದು ಬೇರೆ ದಿನದ ಜಗಳ.

ಮಧುಗಿರಿಯಲ್ಲಿ ಚಿಕ್ಕಮ್ಮನ ಮನೆ. ಅವರ ಮಗ ಪಿಯುಸಿ. ಬೆಂಗಳೂರು ಬುಲ್ಸ್‌ನ ಕೆಂಪು ಜೆರ್ಸಿ ಹಾಕ್ಕೊಂಡೇ ಬಾಗಿಲು ತೆಗೆದ. ಕಾಫಿ ಕುಡಿಯೋಕೂ ಬಿಡಲಿಲ್ಲ. "ಅಣ್ಣಾ, ನೀನು ಬೆಂಗ್ಳೂರಲ್ಲೇ ಇದೀಯಲ್ಲ, ಬರೋ ಸೀಸನ್ನಿಗೆ ಒಂದೇ ಒಂದು ಬುಲ್ಸ್ ಮ್ಯಾಚ್ ತೋರ್ಸಣ್ಣ."

"ಬೆಂಗ್ಳೂರಲ್ಲಿ ಮ್ಯಾಚೇ ಆಡಲ್ಲ ಕಣೋ" ಅಂದೆ.

ಟಿಕೆಟ್ ದುಡ್ಡಿಗೆ ಹೆದರಿ ತಪ್ಪಿಸಿಕೊಳ್ತಿದೀನಿ ಅಂದುಕೊಂಡ. ಫೋನ್ ತೆಗೆದು ತೋರಿಸಿದೆ. 2024ರ ಸೀಸನ್ ನಡೆದದ್ದು ಹೈದರಾಬಾದ್, ನೋಯ್ಡಾ, ಪುಣೆಯಲ್ಲಿ. 2025ರದ್ದು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಯಲ್ಲಿ. ಎರಡು ಸಲ ಮೇಲೆ ಕೆಳಗೆ ನೋಡಿ, "ಮತ್ತೆ ಬೆಂಗ್ಳೂರು ಅಂತ ಯಾಕೆ ಇಟ್ಕೊಂಡವ್ರೆ?" ಅಂದ. ನನ್ನ ಹತ್ರ ಉತ್ತರ ಇರಲಿಲ್ಲ. ಈ ಬರಹ ಆ ಪ್ರಶ್ನೆಗೆ.

ಇತಿಹಾಸ ಸ್ವಲ್ಪ ನೋಡಿ, ತಮಾಷೆಯಾಗಿದೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಬುಲ್ಸ್ ತವರು ಕಂಠೀರವ ಒಳಾಂಗಣ ಕ್ರೀಡಾಂಗಣ. ಮೊದಮೊದಲು ಎಲ್ಲಾ ಸರಿಯಾಗೇ ಇತ್ತು. 2017ರಲ್ಲಿ ನಮ್ಮ 'ತವರಿನ' ಪಂದ್ಯಗಳು ನಾಗಪುರಕ್ಕೆ ಹೋದವು. 2018ರಲ್ಲಿ ಪುಣೆಗೆ. ಅದೇ ಸೀಸನ್ ನೋಡಿ, ಬುಲ್ಸ್ ಕಪ್ ಗೆದ್ದಿದ್ದು. 2019ರ ಜನವರಿ 5, ಶನಿವಾರ ರಾತ್ರಿ, ಮುಂಬೈ. ಗುಜರಾತ್ ವಿರುದ್ಧ 38-33. ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್. ಅವತ್ತು ನಾನು ಇದೇ ಚಿಕ್ಕಮ್ಮನ ಮನೆಯಲ್ಲಿದ್ದೆ, ಬೀದಿಯ ಅರ್ಧ ಹುಡುಗರು ಆ ಟಿವಿ ಮುಂದೆ ಇದ್ದರು. ಪಟಾಕಿ ಹೊಡೆದರು. ಬೆಂಗಳೂರು ಗೆಲ್ತು ಅಂತ ಕುಣಿದರು. ಆ ಸೀಸನ್ನಿನಲ್ಲಿ ಬೆಂಗಳೂರಿನೊಳಗೆ ಬುಲ್ಸ್ ಒಂದೇ ಒಂದು ಪಂದ್ಯ ಆಡಿರಲಿಲ್ಲ ಅನ್ನೋದು ಅಲ್ಲಿದ್ದ ಯಾರಿಗೂ ಹೊಳೀಲಿಲ್ಲ. ನನಗೂ ಹೊಳೀಲಿಲ್ಲ, ಸುಳ್ಳು ಯಾಕೆ ಹೇಳಲಿ.

ಇನ್ನೊಂದು ಕೇಳಿ. 2021ರ ಡಿಸೆಂಬರ್‌ನಿಂದ 2022ರ ಫೆಬ್ರವರಿವರೆಗೆ ಇಡೀ ಸೀಸನ್, ಎಲ್ಲಾ 12 ತಂಡಗಳ ಎಲ್ಲಾ ಪಂದ್ಯಗಳೂ ಬೆಂಗಳೂರಲ್ಲೇ ನಡೆದವು. ವೈಟ್‌ಫೀಲ್ಡ್‌ನ ಒಂದು ಹೋಟೆಲ್ ಒಳಗೆ. ಕೋವಿಡ್ ಕಾಲ, ಪ್ರೇಕ್ಷಕರಿಗೆ ಪ್ರವೇಶ ಇಲ್ಲ. ಅಂದ್ರೆ ಕಪ್ ಗೆದ್ದ ಸೀಸನ್ ತಂಡ ಊರಲ್ಲಿರಲಿಲ್ಲ, ತಂಡ ಊರಲ್ಲಿದ್ದ ಸೀಸನ್ ನಾವು ಒಳಗಿರಲಿಲ್ಲ. ಆಮೇಲೆ 2022ರಲ್ಲಿ, 2023ರಲ್ಲಿ ಕಂಠೀರವಕ್ಕೆ ಬಂದರು. ಆಮೇಲೆ ಎರಡು ಸೀಸನ್ ಪತ್ತೆ ಇಲ್ಲ.

ಆಫೀಸಿನಲ್ಲಿ ನನ್ನ ಪಕ್ಕ ಕೂರೋ ಹುಡುಗ ಎನ್‌ಬಿಎ ಹುಚ್ಚ. ಬೆಳಿಗ್ಗೆ ಆರಕ್ಕೆ ಅಲಾರಂ ಇಟ್ಟು ಬ್ಯಾಸ್ಕೆಟ್‌ಬಾಲ್ ನೋಡಿ, ಸ್ಟ್ಯಾಂಡಪ್ ಮೀಟಿಂಗಿಗೆ ಆಕಳಿಸ್ಕೊಂಡು ಬರ್ತಾನೆ. ಅವನಿಗೆ ನನ್ನ ಸಂಕಟ ಹೇಳಿದೆ. ಅರ್ಥವೇ ಆಗಲಿಲ್ಲ. "ಹೋಮ್ ಗೇಮ್ ಇಲ್ದೇ ಸೀಸನ್ ಹೆಂಗೆ?" ಅಂದ. ಅಲ್ಲಿ ಒಂದು ತಂಡಕ್ಕೆ ವರ್ಷಕ್ಕೆ 82 ಪಂದ್ಯ, ಅದರಲ್ಲಿ ಅರ್ಧ, 41, ತನ್ನ ಊರಲ್ಲೇ. ತಂಡ ಸೋತು ಸುಣ್ಣ ಆಗಿದ್ರೂ ಆ ಊರಿನವನು ಚಳಿಯಲ್ಲಿ ಹೋಗಿ ಕೂತು ಬೈದು ಬರಬಹುದು. ಬೈಯೋದೂ ಒಂದು ಹಕ್ಕು ಸ್ವಾಮಿ! 2024ರಲ್ಲಿ ಬುಲ್ಸ್ 22 ಪಂದ್ಯದಲ್ಲಿ 2 ಗೆದ್ದು, 1 ಟೈ ಮಾಡಿ, 19 ಸೋತು ಕೊನೆಯ ಸ್ಥಾನದಲ್ಲಿ ಕೂತಿತು. ಅಂಥ ಸೀಸನ್ನಿನಲ್ಲಿ ಎದುರಿಗೆ ನಿಂತು ಒಂದು ಸಲ "ಏನ್ರಪ್ಪಾ ಇದು" ಅನ್ನೋಕೂ ನಮಗೆ ಜಾಗ ಇರಲಿಲ್ಲ.

ಅದೇ ಹುಡುಗ ಸಿಯಾಟಲ್ ಕತೆ ನೆನಪಿಸಿದ. ಸೂಪರ್‌ಸಾನಿಕ್ಸ್ ಅಂತ ಬ್ಯಾಸ್ಕೆಟ್‌ಬಾಲ್ ತಂಡ, 1967ರಿಂದ ಅಲ್ಲೇ ಆಡ್ತಿತ್ತು, 1979ರಲ್ಲಿ ಚಾಂಪಿಯನ್. 2008ರಲ್ಲಿ ಮಾಲೀಕರು ತಂಡವನ್ನ ಎತ್ಕೊಂಡು ಓಕ್ಲಹೋಮಾ ಸಿಟಿಗೆ ಹೋದರು. ಕೋರ್ಟು ಕಚೇರಿ ಎಲ್ಲಾ ಆಯ್ತು. ಕ್ರೀಡಾಂಗಣದ ಕರಾರು ಮುರಿದದ್ದಕ್ಕೆ ಊರಿಗೆ 4.5 ಕೋಟಿ ಡಾಲರ್ ಕಟ್ಟಬೇಕಾಯ್ತು. ಮುಖ್ಯವಾದ್ದು ಏನಂದ್ರೆ ಹೆಸರು ಮತ್ತು ಬಣ್ಣ ಸಿಯಾಟಲ್‌ಗೇ ಉಳಿದವು. ಓಕ್ಲಹೋಮಾದಲ್ಲಿ ಅದು ಥಂಡರ್ ಆಯ್ತು, 2025ರಲ್ಲಿ ಆ ಹೆಸರಿನಲ್ಲೇ ಕಪ್ ಗೆದ್ದಿತು. ಕ್ರೂರವಾಗಿತ್ತು, ಆದರೆ ಲೆಕ್ಕ ಚುಕ್ತಾ ಇತ್ತು. ಹೋಗೋದಾದ್ರೆ ಹೋಗು, ಹೆಸರು ಇಟ್ಟು ಹೋಗು. ನಮ್ಮಲ್ಲಿ ಉಲ್ಟಾ. ತಂಡ ಹೋಗುತ್ತೆ, ಹೆಸರನ್ನೂ ಬ್ಯಾಗಿಗೆ ಹಾಕ್ಕೊಂಡು ಹೋಗುತ್ತೆ.

ಬೆಂಗಳೂರಿಗೆ ಬ್ಯಾಸ್ಕೆಟ್‌ಬಾಲ್‌ನಲ್ಲೂ ಇದರ ಅನುಭವ ಇದೆ. 2015ರಲ್ಲಿ ಯುಬಿಎ ಅಂತ ಲೀಗ್ ಬಂತು, ಎಂಟು ತಂಡ, ನಮ್ಮದು ಬೆಂಗಳೂರು ಬೀಸ್ಟ್. 2017ಕ್ಕೆ ಲೀಗೇ ನಿಂತು ಹೋಯ್ತು. ನಿಮ್ಮಲ್ಲಿ ಎಷ್ಟು ಜನಕ್ಕೆ ಆ ಹೆಸರು ನೆನಪಿದೆ ಕೈ ಎತ್ತಿ.

ಈಗ ಪಾವಗಡಕ್ಕೆ ಬನ್ನಿ. ಮೂರು ಕಡೆ ಆಂಧ್ರ, ಅರ್ಧ ಮಾತು ತೆಲುಗು. ಅಲ್ಲಿರೋ ನಮ್ಮ ಸೋದರತ್ತೆ ಮನೆಯಲ್ಲಿ ದೊಡ್ಡವನು ತೆಲುಗು ಟೈಟನ್ಸ್, ಚಿಕ್ಕವನು ಬುಲ್ಸ್. 2024ರ ಸೀಸನ್ನಿನ ಮೊದಲ ಪಂದ್ಯವೇ ಹೈದರಾಬಾದಿನಲ್ಲಿ ಟೈಟನ್ಸ್-ಬುಲ್ಸ್. ಟೈಟನ್ಸ್ ಗೆದ್ದಿತು. ಟೈಟನ್ಸ್ ಕ್ಯಾಪ್ಟನ್ ಯಾರು? ನಾವು ಪಟಾಕಿ ಹೊಡೆದಿದ್ದ ಅದೇ ಪವನ್. ಚಿಕ್ಕವನು ಊಟ ಬಿಟ್ಟು ಮಲಗಿದನಂತೆ. ಇರಲಿ, ಆಟಗಾರರು ಹರಾಜಿನಲ್ಲಿ ಬರ್ತಾರೆ, ಹೋಗ್ತಾರೆ, ಅದು ಅವರ ಹೊಟ್ಟೆಪಾಡು. ಆದರೆ ದೊಡ್ಡವನ ತಂಡಕ್ಕೆ 2024ರಲ್ಲಿ ಹೈದರಾಬಾದ್ ಸಿಕ್ತು, 2025ರಲ್ಲಿ ವಿಶಾಖಪಟ್ಟಣ ಸಿಕ್ತು. ಹೆಸರಲ್ಲಿ ಊರೇ ಇಲ್ಲದ, ಬರೀ ಭಾಷೆ ಇರೋ ತಂಡಕ್ಕೆ ಎರಡು ವರ್ಷವೂ ಸ್ವಂತ ನೆಲ. ಹೆಸರಲ್ಲೇ ಊರಿರೋ ತಂಡಕ್ಕೆ ಇಲ್ಲ.

ಪಾವಗಡ ಅಂದಮೇಲೆ ಸೋಲಾರ್ ಪಾರ್ಕ್ ಹೇಳದೇ ಇರೋಕಾಗುತ್ತಾ. ತಿರುಮಣಿ ಸುತ್ತ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಅಲ್ಲಿ ರೈತರಿಂದ ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಆ ವ್ಯವಸ್ಥೆಯಲ್ಲಿ ಕೂಲಿಯವರಿಗೆ ಏನು ಸಿಕ್ತು ಅಂತ ಬೇಕಾದಷ್ಟು ತಕರಾರಿದೆ, ಅದನ್ನ ಮುಚ್ಚಿಡಲ್ಲ. ಆದರೆ ಒಂದು ಮಾತು ಅಲ್ಲಿ ಸ್ಪಷ್ಟ: ಬಿಸಿಲು ಮಾರ್ಕೊಳ್ಳೋನು ನೆಲದವನಿಗೆ ಬಾಡಿಗೆ ಕೊಡಬೇಕು. 'ಬೆಂಗಳೂರು' ಅನ್ನೋ ಹೆಸರೂ ಜಮೀನೇ. ಅದರ ಮೇಲೆ ಜೆರ್ಸಿ, ಜಾಹೀರಾತು, ಪ್ರಾಯೋಜಕರು ಎಲ್ಲಾ ಬೆಳೀತಾರೆ. ಬಾಡಿಗೆ ಎಲ್ಲಿ? ನಮಗೆ ದುಡ್ಡು ಬೇಡ. ಪಂದ್ಯ ಕೊಡಿ.

ಇದನ್ನ ಹೇಳಿದ ಕೂಡಲೇ ಒಂದಷ್ಟು ಜನ ಬೇರೆ ಹಾಡು ಶುರು ಮಾಡ್ತಾರೆ: ತಂಡದಲ್ಲಿ ಕನ್ನಡದವರು ಎಷ್ಟು ಜನ, ಹರಿಯಾಣದವರೇ ಯಾಕೆ. ನನ್ನ ಜಗಳ ಅದಲ್ಲ. ಪವನ್ ದೆಹಲಿಯವನು, ಮಧುಗಿರಿ ಅವನನ್ನ ಮನೆ ಮಗನ ಹಾಗೆ ನೋಡ್ತು. 2025ರಲ್ಲಿ ಕೋಚ್ ಆಗಿ ಬಂದ ಬಿ.ಸಿ. ರಮೇಶ್ ನಮ್ಮವರೇ, ತಂಡವನ್ನ ಪ್ಲೇಆಫ್‌ಗೆ ಕರ್ಕೊಂಡು ಹೋದರು, ಸಂತೋಷ. ಆದರೆ ಅವರ ಆಟವನ್ನ ಅವರ ರಾಜ್ಯದಲ್ಲಿ ಕೂತು ನೋಡೋಕಾಗಲಿಲ್ಲ ಅಲ್ವಾ? ಅದೇ ವರ್ಷ ದಬಂಗ್ ಡೆಲ್ಲಿ ದೆಹಲಿಯಲ್ಲೇ ಫೈನಲ್ ಗೆದ್ದಿತು. ಆ ಊರಿನ ಜನ ಕಪ್ ಎತ್ತೋದನ್ನ ಕಣ್ಣಾರೆ ಕಂಡರು.

"ಕ್ರೀಡಾಂಗಣ ಸಿಗಲ್ಲ" ಅಂತಾರೆ. 2019ರ ಸೆಪ್ಟೆಂಬರ್ ಮೊದಲ ವಾರ ಕಂಠೀರವದಲ್ಲಿ ಕಬಡ್ಡಿ ನಡೀತು. ಅದೇ ತಿಂಗಳ ಕೊನೆಯ ವಾರ ಅದೇ ಒಳಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ನಡೆದು, ಜಪಾನ್ ಚೀನಾವನ್ನ ಸೋಲಿಸಿ ಕಪ್ ತಗೊಂಡು ಹೋಯ್ತು. ಒಂದೇ ತಿಂಗಳಲ್ಲಿ ಎರಡು ಆಟ. ಬೇಕು ಅಂದ್ರೆ ಸಿಗುತ್ತೆ.

"ಖರ್ಚು" ಅಂತಾರೆ. ಇದನ್ನ ನಾನು ಒಪ್ತೀನಿ. ಕ್ಯಾಮೆರಾ, ಲೈಟು, 12 ತಂಡ ಎಲ್ಲಾ ಹೊತ್ಕೊಂಡು 12 ಊರು ಸುತ್ತೋದು ಸಣ್ಣ ಮಾತಲ್ಲ, ಮೂರು ನಾಲ್ಕು ಊರಿಗೆ ಇಳಿಸಿದ್ರೆ ಉಳಿತಾಯ ಆಗುತ್ತೆ. ಆ ಟಿವಿ ದುಡ್ಡಿನಿಂದಲೇ ಆಟಗಾರರ ಬದುಕು ಬದಲಾಗಿದ್ದು ಕೂಡ ನಿಜ. ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ 12.8 ಲಕ್ಷ. 2023ರಲ್ಲಿ ಟೈಟನ್ಸ್ ಪವನ್‌ಗೆ ಕೊಟ್ಟದ್ದು 2.6 ಕೋಟಿಗೂ ಮೇಲೆ. ಕಬಡ್ಡಿ ಆಡೋನಿಗೆ ಹೆಣ್ಣು ಕೊಡೋಕೆ ಹಿಂದೆಮುಂದೆ ನೋಡ್ತಿದ್ದ ಕಾಲ ಹೋಯ್ತು, ಒಳ್ಳೇದೇ. ಆದರೆ ಉಳಿತಾಯ ಮಾಡೋದಾದ್ರೆ ಸರದಿ ಮೇಲೆ ಮಾಡಿ. ಒಂದು ವರ್ಷ ಆ ಮೂರು ಊರು, ಮುಂದಿನ ವರ್ಷ ಈ ಮೂರು ಊರು.

"ಟಿವಿಲಿ ನೋಡೋದೇ ಅಲ್ವಾ, ಎಲ್ಲಾಡಿದ್ರೇನು?" ಅನ್ನೋರು ನಮ್ಮ ಜನವೇ, ಕೋರಮಂಗಲದಲ್ಲಿ ಕೂತಿರೋರು. ನಮಗೇನು, ವಾರಾಂತ್ಯಕ್ಕೆ ಪುಣೆಗೂ ವಿಮಾನ ಹತ್ತಬಹುದು. ಸಿರಾದ ಹುಡುಗ ಏನು ಮಾಡ್ಬೇಕು? ಸಿರಾದಿಂದ ಬೆಂಗಳೂರಿಗೆ ಹೈವೇಯಲ್ಲಿ ಎರಡೂವರೆ ಗಂಟೆ. ಮ್ಯಾಚ್ ನೋಡಿ ರಾತ್ರಿ ಬಸ್ಸಿಗೇ ವಾಪಸ್ ಬಂದು ಬೆಳಿಗ್ಗೆ ಕಾಲೇಜಿಗೆ ಹೋಗಬಹುದು. ನೋಯ್ಡಾಕ್ಕೆ ಹೋಗಿ ಬರೋಕೆ ಅವನು ಒಂದು ವಾರ ಕಾಲೇಜು ಬಿಡಬೇಕು, ಅವರಪ್ಪ ಒಂದು ಕರು ಮಾರಬೇಕು. ಟಿವಿಯಲ್ಲಿ ಸ್ಕೋರ್ ಕಾಣುತ್ತೆ. ರೈಡರ್ ಗೆರೆ ದಾಟೋವಾಗ ಮೂಲೆಯಲ್ಲಿ ನಿಂತ ಡಿಫೆಂಡರ್ ಯಾವ ಕಾಲಿನ ಮೇಲೆ ಭಾರ ಹಾಕಿದ್ದಾನೆ ಅನ್ನೋದು ಕಾಣಲ್ಲ. ಆಡೋ ಹುಡುಗನಿಗೆ ಬೇಕಾಗಿರೋದು ಅದು.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಬೆಂಗಳೂರು ಅಂತ ಬರೆದ ಜೆರ್ಸಿ ಮಾರೋ ತಂಡ ಪ್ರತಿ ಸೀಸನ್ ಕನಿಷ್ಠ ಐದಾರು ಪಂದ್ಯ ಕರ್ನಾಟಕದಲ್ಲಿ ಆಡಬೇಕು. ಅದಾಗಲ್ಲ ಅಂದ್ರೆ ಸೀಸನ್ ಮುಂಚೆ ಅಭ್ಯಾಸ ಪಂದ್ಯವಾದರೂ ನಮ್ಮ ತಾಲ್ಲೂಕುಗಳಲ್ಲಿ ಆಡಲಿ. ಕಬಡ್ಡಿ ಅಂಕಣ ಎಷ್ಟು ದೊಡ್ಡದು ಹೇಳಿ? 13 ಮೀಟರ್ ಉದ್ದ, 10 ಮೀಟರ್ ಅಗಲ. ಮ್ಯಾಟ್ ಬಿಚ್ಚಿ ಲಾರಿಗೆ ಹಾಕಿದ್ರೆ ಬೆಳಿಗ್ಗೆ ಮಧುಗಿರಿ, ಮಾರನೇ ದಿನ ಪಾವಗಡ. ಲೈಟು, ಮೈಕು, ಪೆಂಡಾಲ್ ನಮ್ಮ ಹುಡುಗರು ನೋಡ್ಕೊಳ್ತಾರೆ, ಪ್ರತಿ ನವೆಂಬರ್ ಅವರು ಮಾಡ್ತಿರೋದೇ ಅದು. ಬೇಕಾದ್ರೆ ಟಗರೂ ಕೊಡ್ತಾರೆ.

ಅಲ್ಲಿವರೆಗೆ ನಾನು ಜೆರ್ಸಿ ಕೊಳ್ಳಲ್ಲ. ಚಿಕ್ಕಮ್ಮನ ಮಗನಿಗೂ ಹೇಳಿದೆ, ಅವನು ಕೇಳಲಿಲ್ಲ. ಅವತ್ತು ರಾತ್ರಿ ಅದೇ ಜೆರ್ಸಿ ಹಾಕ್ಕೊಂಡು ಕೊರಟಗೆರೆ ಪಂದ್ಯಾವಳಿಗೆ ಹೊರಟ. ನನ್ನನ್ನೂ ಬೈಕಿನ ಹಿಂದೆ ಕೂರಿಸಿಕೊಂಡ. ಫೈನಲ್ ಮುಗಿಯುವಾಗ ರಾತ್ರಿ ಎರಡೂವರೆ. ನಾವು ಅಂಕಣದ ಗೆರೆಯಿಂದ ಆರಡಿ ದೂರದಲ್ಲಿ ನೆಲದ ಮೇಲೆ ಕೂತಿದ್ವಿ.