ನೋವಿಗೆ ಸಾಕ್ಷಿ ಕೇಳುವವರು

'ಎಕ್ಸ್‌ರೇ ನಾರ್ಮಲ್ ಇದೆ' ಎಂಬುದು ಮಕ್ಕಳ ಮಟ್ಟಿಗೆ ವರದಿಯಲ್ಲ, ತೀರ್ಪು. ಮೂಳೆ ಕೂಡಿಕೊಂಡಿದೆ, ಬಾವು ಇಳಿದಿದೆ, ಪಟ್ಟಿ ಬಿಚ್ಚಿ ನಾಲ್ಕು ತಿಂಗಳಾಗಿದೆ. ಆದರೂ ಹುಡುಗಿ ಕಾಲೂರಲು ಒಲ್ಲೆ ಎನ್ನುತ್ತಾಳೆ. ಅಲ್ಲಿಂದಾಚೆ ವಿಚಾರಣೆ ಕಾಲಿನದಲ್ಲ, ಹುಡುಗಿಯದು. ಮನೆಯಲ್ಲಿ 'ಮುದ್ದು ಹೆಚ್ಚಾಯಿತು', ಶಾಲೆಯಲ್ಲಿ 'ನಾಟಕ', ನೆಂಟರ ಬಾಯಲ್ಲಿ 'ಯಾರದೋ ದೃಷ್ಟಿ'. ಈ ಮೂವರಲ್ಲಿ ದೃಷ್ಟಿ ಎನ್ನುವವರೇ ವಾಸಿ. ಮಗುವಿಗೆ ನೋವಿದೆ ಎಂದಾದರೂ ಅವರು ಒಪ್ಪುತ್ತಾರೆ.

ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ, ನೋವಲ್ಲ. ಗಾಯ ಮಾಯ್ದ ಮೇಲೂ ನರಗಳು, ಬೆನ್ನುಹುರಿ, ಮಿದುಳು ಅಪಾಯದ ಗಂಟೆ ಬಾರಿಸುತ್ತಲೇ ಇರಬಹುದು. ಹೊದಿಕೆ ತಾಕಿದರೂ ಉರಿಯುವ, ಕಾಲಿನ ಬಣ್ಣವೇ ಬದಲಾಗುವ ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್‌ಗೆ ಒಂದು ಸಣ್ಣ ಉಳುಕು ಸಾಕು. ಮಕ್ಕಳಲ್ಲಿ ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿವಯಸ್ಸಿಗೆ ಕಾಲಿಡುತ್ತಿರುವ ಹುಡುಗಿಯರಲ್ಲಿ. 'ನಾಟಕ' ಎಂಬ ಪದ ಅಷ್ಟು ಸಲೀಸಾಗಿ ಬಾಯಿಗೆ ಬರುವುದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ನಾನು ನಂಬುವುದಿಲ್ಲ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ, ನೋವಿದೆ ಎನ್ನುವವರ ಮಾತನ್ನು ಗೌರವಿಸಬೇಕೆಂದು ಅದರ ಜೊತೆಗೇ ಬರೆಯಿತು.

ಮಕ್ಕಳ ನೋವನ್ನು ನಂಬದಿರುವ ಚಾಳಿ ವೈದ್ಯಕೀಯಕ್ಕೂ ಹೊಸದಲ್ಲ. 1980ರ ದಶಕದವರೆಗೂ ಎಷ್ಟೋ ಆಸ್ಪತ್ರೆಗಳಲ್ಲಿ ಹಸುಗೂಸುಗಳಿಗೆ ಸ್ನಾಯು ಮರಗಟ್ಟಿಸುವ ಔಷಧ ಕೊಟ್ಟು, ಸಾಕಷ್ಟು ನೋವು ನಿವಾರಕವಿಲ್ಲದೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಇಂದೋರ್‌ನಲ್ಲಿ ಓದಿ ಆಕ್ಸ್‌ಫರ್ಡಿಗೆ ಹೋದ ಕನ್ವಲ್‌ಜೀತ್ ಆನಂದ್ 1987ರಲ್ಲಿ ಪ್ರಕಟಿಸಿದ ಸಂಶೋಧನೆ ಆ ಪದ್ಧತಿಯನ್ನು ಅಲುಗಾಡಿಸಿತು. ಕೂಸಿನ ಅಳು ಸಾಲದೆ, ರಕ್ತದಲ್ಲಿನ ಹಾರ್ಮೋನುಗಳ ಅಳತೆ ಸಾಕ್ಷಿ ಹೇಳಬೇಕಾಯಿತು.

ನನ್ನ ಅಕ್ಕನ ಮಗಳು ಖೋ ಖೋ ಆಡುವಾಗ ಬಿದ್ದು ಪಾದ ಉಳುಕಿಸಿಕೊಂಡಳು. ಆರು ತಿಂಗಳ ನಂತರವೂ ಕುಂಟುತ್ತಿದ್ದವಳಿಗೆ ಶಾಲೆಯವರು ಬಹಳ ನಯವಾಗಿ ಹೇಳಿದರು: 'ಪೂರ್ತಿ ವಾಸಿಯಾದ ಮೇಲೆ ಕಳಿಸಿ.' ನಾಟಕ ಎಂದು ಗದರುವುದಕ್ಕಿಂತ ಈ ನಯವೇ ಹೆಚ್ಚು ಕೆಡುಕಿನದು. ಇಂಥ ನೋವಿನ ಚಿಕಿತ್ಸೆ ಸಾಗುವುದೇ ತಿರುವುಮುರುವಾಗಿ. ಮೊದಲು ನಡಿಗೆ, ಮೊದಲು ಶಾಲೆ, ಮೊದಲು ಗೆಳತಿಯರು. ನೋವು ಇಳಿಯುವುದು ಆಮೇಲೆ, ನಿಧಾನವಾಗಿ. ಹಾಸಿಗೆಯಲ್ಲಿಟ್ಟರೆ ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ, ಲೋಕ ಒಂದು ಕೋಣೆಯಷ್ಟಾಗುತ್ತದೆ. ಬೇರೆ ಕಾರಣವಿಲ್ಲವೆಂದು ವೈದ್ಯರು ಖಚಿತಪಡಿಸಿಕೊಂಡ ಮೇಲೆ ಬೇಕಾದದ್ದು ಫಿಸಿಯೋಥೆರಪಿ, ಜೊತೆಗೆ ಆಪ್ತಸಮಾಲೋಚನೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಮಾತ್ರೆಯೊಂದನ್ನೇ ನೆಚ್ಚಿಕೊಂಡಿಲ್ಲ. ಆಪ್ತಸಮಾಲೋಚನೆ ಎಂದ ಕೂಡಲೇ 'ಹಾಗಾದರೆ ಎಲ್ಲ ಮನಸ್ಸಿನದೇ' ಎಂದು ತಲೆಯಾಡಿಸುವವರಿಗೆ ತಾಳ್ಮೆಯಿಂದ ಉತ್ತರಿಸುವ ಶಕ್ತಿ ನನಗೆ ಉಳಿದಿಲ್ಲ.

ಹೆತ್ತವರಿಗೂ ಒಂದು ಮಾತು. ನಂಬುವುದೆಂದರೆ ಮಲಗಿಸಿಡುವುದಲ್ಲ. ಗಂಟೆಗೊಮ್ಮೆ 'ನೋವು ಹೇಗಿದೆ ಪುಟ್ಟೀ' ಎಂದು ಕೇಳಿದರೆ ಅವಳ ಗಮನವೆಲ್ಲ ಅಲ್ಲೇ ನಿಲ್ಲುತ್ತದೆ. ಇವತ್ತು ಬಾಗಿಲವರೆಗೆ, ನಾಳೆ ಗೇಟಿನವರೆಗೆ. ಸ್ವಲ್ಪ ಚೆನ್ನಾಗಿರುವ ದಿನ ಒಮ್ಮೆಗೇ ಹತ್ತು ದಿನದ ಓಡಾಟ ಮಾಡಿಸುವುದೂ ಬೇಡ.

ಕಾನೂನಿನ ಆಸರೆಯೂ ಇಲ್ಲಿ ತೆಳು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ದೀರ್ಘಕಾಲದ ನೋವಿಗೆ ತನ್ನದೇ ಹೆಸರಿಲ್ಲ. ಮುಖ್ಯ ಸೌಲಭ್ಯಗಳಿಗೆ ಶೇ. 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು. ಇವತ್ತು ನಡೆದು ನಾಳೆ ನಡೆಯಲಾಗದ ಕಾಲನ್ನು ಯಾವ ಶೇಕಡಾವಾರಿನಲ್ಲಿ ಅಳೆಯುತ್ತಾರೆ? ಹಾಜರಾತಿಯ ಲೆಕ್ಕ ಮಾತ್ರ ಕರಾರುವಾಕ್ಕು.

ಅಕ್ಕ ಕೇಳಿದ್ದು ರಿಯಾಯಿತಿ ಅಂಕಗಳನ್ನಲ್ಲ. ಕೆಲವು ವಾರ ಅರ್ಧ ದಿನದ ಶಾಲೆ, ಕಾಲು ಚಾಚಲು ಒಂದು ಸ್ಟೂಲು, ತರಗತಿಯನ್ನು ಮೊದಲ ಮಹಡಿಯಿಂದ ನೆಲಮಹಡಿಗೆ ಇಳಿಸುವುದು. ಇದಕ್ಕೆ ಸರ್ಕಾರದ ಆದೇಶ ಬೇಕಿರಲಿಲ್ಲ, ದುಡ್ಡೂ ಬೇಕಿರಲಿಲ್ಲ. 'ಒಬ್ಬಳಿಗೆ ಮಾಡಿದರೆ ಎಲ್ಲರೂ ಕೇಳುತ್ತಾರೆ' ಎಂದರು. ಕೇಳಲಿ, ಸ್ವಾಮಿ. ಎಷ್ಟು ಮಕ್ಕಳು ಕೇಳುತ್ತಾರೆಂದು ಒಮ್ಮೆ ಎಣಿಸಿಯಾದರೂ ನೋಡಿ.